ಚಿನ್ನವನ್ನು ಹಾಡಿದ ಯಾಕಮೊಚಿ

ಬಂಗಾರಪೇಟೆಯ ನಿಲ್ದಾಣದಿಂದ ಮಾರಿಕುಪ್ಪಂ ಕಡೆಗೆ ರೈಲು ಹೊರಡುವುದನ್ನು ಕಂಡಾಗಲೆಲ್ಲ ನನಗೆ ಜಪಾನಿನ ಪ್ರಾಚೀನ ಕವಿಯೊಬ್ಬನ ನೆನಪಾಗುತ್ತದೆ. ಆ ಹಾದಿ ಹೋಗುವುದು ಚಿನ್ನದ ಗಣಿಗಳಿಗೆ. 1880ರಲ್ಲಿ ಜಾನ್ ಟೇಲರ್ ಸಂಸ್ಥೆಯು ಕೈಹಾಕಿದ ಆ ಗಣಿಗಳು 2001ರಲ್ಲಿ ಮುಚ್ಚಿದವು. ಆ ಕವಿಯೂ ಚಿನ್ನ ದೊರೆತ ಸಂಭ್ರಮವನ್ನು ಹಾಡಿದವನೇ. ಹೆಸರು ಓತೊಮೊ ನೊ ಯಾಕಮೊಚಿ.

ಎಂಟನೆಯ ಶತಮಾನದ ಆದಿಭಾಗದಲ್ಲಿ, ಅರಸರಿಗೆ ಕಾವಲು ನಿಂತ ಹಳೆಯ ಯೋಧಮನೆತನವೊಂದರಲ್ಲಿ ಆತನು ಜನಿಸಿದನು. ತಂದೆ ತಬಿತೊ ಮದಿರೆಯನ್ನು ಕೊಂಡಾಡಿ 13 ಪದ್ಯ ಬರೆದ ರಸಿಕ. 746ರಲ್ಲಿ ಮಗನು ಎಚ್ಚೂ ಪ್ರಾಂತದ ಅಧಿಪತಿಯಾದನು. ಆಗ ರಾಜಧಾನಿ ನಾರಾದಲ್ಲಿ ಮಹಾಬುದ್ಧನ ಕಂಚಿನ ವಿಗ್ರಹವು ಎರಕವಾಗುತ್ತಿದ್ದಿತು. ಅದಕ್ಕೆ ಲೇಪಿಸಲು ಚಿನ್ನ ಸಾಲದಾಗಿತ್ತು. 749ರಲ್ಲಿ ಈಶಾನ್ಯದ ಮುತ್ಸುವಿನಲ್ಲಿ ಚಿನ್ನ ಸಿಕ್ಕಿತು. (752ರಲ್ಲಿ ಆ ವಿಗ್ರಹದ ಕಣ್ಣು ತೆರೆಸಿದವನು ಭಾರತದಿಂದ ಹೋದ ಭಿಕ್ಷು ಬೋಧಿಸೇನ.) ಚಕ್ರವರ್ತಿ ಶೋಮುವಿನ ಘೋಷಣೆಯಲ್ಲಿ ಓತೊಮೊ ಮನೆತನದ ನಿಷ್ಠೆಯ ಪ್ರಶಂಸೆಯೂ ಇದ್ದಿತು. ಹಿಗ್ಗಿದ ಯಾಕಮೊಚಿಯು ದೀರ್ಘಕವಿತೆಯೊಂದನ್ನು ರಚಿಸಿದನು. ಅದರ ಕೆಲವು ಸಾಲುಗಳಿಗೆ 1937ರಲ್ಲಿ ಹೊಸ ರಾಗ ಕೂಡಿಸಿ ಯುದ್ಧಗೀತೆಯನ್ನಾಗಿ ಮಾಡಿದರು. ಕವಿಯ ಹಿರಿಮೆ ಅಲ್ಲಿಲ್ಲವೆಂದೇ ನನ್ನ ಭಾವನೆ.

ಅದು ಇರುವುದು 755ರ ಕೆಲಸದಲ್ಲಿ. ಪೂರ್ವದ ಹಳ್ಳಿಗಳ ರೈತರನ್ನು ದೂರದ ಪಶ್ಚಿಮ ತೀರದ ಕಾವಲಿಗೆ ಹಡಗು ಹತ್ತಿಸುವ ಹೊಣೆ ಆಗ ಆತನದಾಗಿತ್ತು. ಆತನು ಅವರ ಹಾಡುಗಳನ್ನು ತರಿಸಿಕೊಂಡನು. ಹೆಂಡತಿಯನ್ನು, ತಾಯಿಯನ್ನು ಅಗಲಿದ ಅಳಲು ಅಲ್ಲಿ ಅವರದೇ ಹಳ್ಳಿಯ ನುಡಿಯಲ್ಲಿದೆ. ಬಂದ 166ರಲ್ಲಿ 84ನ್ನು ಆರಿಸಿ, ಹಾಡಿದವರ ಹೆಸರುಗಳೊಡನೆ ಉಳಿಸಿದನು. ಬಿಟ್ಟವುಗಳಿಗಾಗಿ ನನ್ನ ಮನಸ್ಸು ಮರುಗುತ್ತದೆ. ಆದರೂ, ಊರು ತೊರೆದು ನಮ್ಮ ಗಣಿಗಳಿಗೆ ಇಳಿದ ಕೂಲಿಕಾರರ ಪದಗಳನ್ನು ಹೀಗೆ ಹೆಸರು ಸಹಿತ ಬರೆಯಿಸಿಕೊಂಡ ಅಧಿಕಾರಿ ಯಾವನಾದರೂ ಇದ್ದನೇ?

ಈ ಹಾಡುಗಳು ಸೇರಿರುವುದು ಮನ್ಯೋಶೂ ಎಂಬ ಸಂಕಲನದಲ್ಲಿ. 20 ಸಂಪುಟ, ಸುಮಾರು 4,500 ಪದ್ಯಗಳು. ಬಹುಪಾಲು 31 ಅಕ್ಷರಗಳ ಪುಟ್ಟ ರಚನೆಗಳು. ಸ್ವಂತ ಲಿಪಿಯಿಲ್ಲದ ಆ ಜನರು ಚೀನೀ ಅಕ್ಷರಗಳನ್ನು ಉಚ್ಚಾರಕ್ಕಾಗಿಯೂ ಬಳಸಿ ತಮ್ಮ ನುಡಿಯನ್ನು ಹಿಡಿದಿಟ್ಟರು. ಹತ್ತರಲ್ಲೊಂದು ಪಾಲು ಯಾಕಮೊಚಿಯದೇ. ಸಂಕಲನಕ್ಕೆ ಕಡೆಯ ರೂಪ ಕೊಟ್ಟವನೂ ಆತನೇ ಎಂಬುದು ವಿದ್ವಾಂಸರ ಮತ. 759ರ ಹೊಸವರ್ಷದಂದು ಇನಾಬಾ ಪ್ರಾಂತದಲ್ಲಿ ಆತನು ರಚಿಸಿದ ಹಿಮದ ಪದ್ಯವೇ ಅದರ ಕೊನೆಯದು. ಮುಂದಿನ 26 ವರ್ಷಗಳ ಆತನ ಒಂದು ಪದ್ಯವೂ ಉಳಿದಿಲ್ಲ.

785ರಲ್ಲಿ ಆತನು ತೀರಿಕೊಂಡನು. ದೇಹವಿನ್ನೂ ಮಣ್ಣು ಸೇರಿರಲಿಲ್ಲ. ಅಷ್ಟರಲ್ಲಿ ಹೊಸ ರಾಜಧಾನಿಯ ನಿರ್ಮಾಣಾಧಿಕಾರಿ ತನೆತ್ಸುಗುವಿನ ಕೊಲೆಯಾಯಿತು. ಸತ್ತವನ ಮೇಲೆಯೇ ಸಂಚಿನ ಆರೋಪ ಹೊರಿಸಿ, ಪದವಿಯನ್ನು ಕಿತ್ತು, ಮಗನನ್ನು ಗಡೀಪಾರು ಮಾಡಿದರು. ಪದವಿ ಮರಳಿ ಸಂದದ್ದು 806ರಲ್ಲಿ.