ಡಾಕ್ಟರೇಟ್ ಸಿಗದ ಅನ್ನಾ ಮಣಿ, ಅದೇ ಲ್ಯಾಬಿನ ಸುನಂದಾ ಬಾಯಿ

ಶ್ರೀರಾಮನಗರದಿಂದ ಗಂಗಾವತಿಗೆ ಬಂದು, ಕನಕಗಿರಿ, ತಾವರಗೇರಾ ಮೇಲೆ ಕುಷ್ಟಗಿ ಕಡೆ ಹೊರಟರೆ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು ಹಿಂದೆ ಉಳಿದು ಮಳೆ ನಂಬಿದ ಹೊಲಗಳು ಶುರುವಾಗುತ್ತವೆ. ಅಲ್ಲಿಂದ ಯಲಬುರ್ಗಾ ಕಡೆ ತಿರುಗಿದರೆ ಗಾಳಿಯಂತ್ರಗಳು. ಹೊಲದ ನಡುವೆ ದೈತ್ಯರ ಹಾಗೆ ನಿಂತು ನಿಧಾನಕ್ಕೆ ತಿರುಗುತ್ತಿರುತ್ತವೆ. ಈ ದೇಶದಲ್ಲಿ ಎಲ್ಲೆಲ್ಲಿ ಎಷ್ಟು ಗಾಳಿ ಬೀಸುತ್ತೆ, ಎಲ್ಲಿ ಕಂಬ ನೆಟ್ಟರೆ ಕರೆಂಟು ಹುಟ್ಟುತ್ತೆ ಅಂತ ವರ್ಷಗಟ್ಟಲೆ ಕೂತು ಅಳೆದವರ ಪೈಕಿ ಮೊದಲು ಹೇಳಬೇಕಾದ ಹೆಸರು ಅನ್ನಾ ಮಣಿ. ಹವಾಮಾನ ಇಲಾಖೆಯ ಉಪಮಹಾನಿರ್ದೇಶಕಿಯಾಗಿ ನಿವೃತ್ತರಾದವರು. ಅವರ ಹೆಸರಿನ ಹಿಂದೆ ಡಾಕ್ಟರ್ ಅಂತ ಹಾಕೋ ಹಾಗಿಲ್ಲ. ಪ್ರಬಂಧ ಬರೆದು ಸಲ್ಲಿಸಿದ್ದರು, ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ.

ಅವರನ್ನು ನೆನಪಿಸಿದ್ದು ಶ್ರೀರಾಮನಗರದಲ್ಲಿ ಸಿಕ್ಕ ಒಬ್ಬ ಸಂಶೋಧನಾ ವಿದ್ಯಾರ್ಥಿ. ಹಬ್ಬಕ್ಕೆ ಊರಿಗೆ ಬಂದಿದ್ದ. ಊರಲ್ಲಿ ಯಾರೇ ಎದುರಾದರೂ ಮೊದಲು ಕೇಳೋದು, ಮುಗೀತೇನಪ್ಪ ಅಂತ. ಎರಡನೇದು, ಮುಗಿದ ಮೇಲೆ ಎಷ್ಟು ಸಂಬಳ ಅಂತ. ಹೀಗಾಗಿ ಬೆಳಿಗ್ಗೆ ಹೊತ್ತು ಮನೆಯಿಂದ ಹೊರಗೇ ಬರ್ತಿಲ್ಲ ಅಂದ. ನಿದ್ದೆ ಇಲ್ಲ, ಗೈಡ್ ಫೋನ್ ಮಾಡಿದರೆ ಕೈ ನಡುಗುತ್ತೆ, ಲ್ಯಾಪ್‌ಟಾಪ್ ತೆರೆದರೆ ಒಂದು ಸಾಲೂ ಮುಂದೆ ಹೋಗಲ್ಲ. ಸೋಮಾರಿತನ ಅಂತ ತನಗೆ ತಾನೇ ಬೈದುಕೊಳ್ತಿದ್ದ. ಎಂಜಿನಿಯರಿಂಗ್ ಓದಿದವನಾಗಿ ನನಗೆ ಹೊಳೆದದ್ದು ಇಷ್ಟು: ಮೋಟಾರು ಸುಟ್ಟು ವಾಸನೆ ಬರುತ್ತಿದ್ದರೆ ಅದನ್ನು ಯಾರೂ ಸೋಮಾರಿ ಅನ್ನಲ್ಲ.

ಅನ್ನಾ ಮಣಿ ಹುಟ್ಟಿದ್ದು 1918ರ ಆಗಸ್ಟ್ 23ರಂದು, ತಿರುವಾಂಕೂರಿನ ಪೀರುಮೇಡಿನಲ್ಲಿ. ಅಪ್ಪ ಸಿವಿಲ್ ಎಂಜಿನಿಯರು. ಎಂಟು ಮಕ್ಕಳಲ್ಲಿ ಏಳನೆಯವರು. ಅಂಥ ಮನೆಗಳಲ್ಲಿ ಗಂಡುಮಕ್ಕಳನ್ನು ಓದಿಗೆ, ಹೆಣ್ಣುಮಕ್ಕಳನ್ನು ಮದುವೆಗೆ ತಯಾರು ಮಾಡುವ ಕಾಲ. ಎಂಟನೇ ಹುಟ್ಟುಹಬ್ಬಕ್ಕೆ ಮನೆಯ ಪದ್ಧತಿಯಂತೆ ವಜ್ರದ ಓಲೆ ಕೊಡಹೋದರೆ ಬೇಡ ಅಂದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಕೇಳಿ ಪಡೆದವರು. ವೈಕಂ ಸತ್ಯಾಗ್ರಹದ ಕಾಲದಲ್ಲಿ ಗಾಂಧಿ ಪ್ರಭಾವಕ್ಕೆ ಬಿದ್ದು ಖಾದಿ ತೊಟ್ಟರು. ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಮುಗಿಸಿ, 1940ರಲ್ಲಿ ವಿದ್ಯಾರ್ಥಿವೇತನದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಜಾಗ. ಸೇರಿದ್ದು ಸಿ.ವಿ. ರಾಮನ್ ಅವರ ಪ್ರಯೋಗಾಲಯಕ್ಕೆ.

ಓಲೆ ಬೇಡ ಅಂದ ಹುಡುಗಿಗೆ ಅಲ್ಲಿ ಸಿಕ್ಕಿದ್ದು ಮತ್ತೆ ವಜ್ರವೇ. ರಾಮನ್ ಬಳಿ ಸುಮಾರು 300 ವಜ್ರಗಳ ಸಂಗ್ರಹ ಇತ್ತು. ಅವುಗಳ ಮೇಲೆ ಬೆಳಕು ಬಿಟ್ಟು, ಒಂದೊಂದು ಹರಳೂ ಯಾವ ಬಣ್ಣದಲ್ಲಿ ಎಷ್ಟು ಹೊಳೆಯುತ್ತೆ, ತಂಪು ಮಾಡಿದರೆ ಏನಾಗುತ್ತೆ ಅಂತ ದಾಖಲಿಸುವ ಕೆಲಸ. ಕೇಳೋಕೆ ಚಂದ. ಆದರೆ ಆ ಹೊಳಪು ಎಷ್ಟು ಕ್ಷೀಣ ಅಂದರೆ ಫೋಟೋಗ್ರಾಫಿಕ್ ಪ್ಲೇಟಿನ ಮೇಲೆ ಅದು ಮೂಡಬೇಕಾದರೆ 15ರಿಂದ 20 ಗಂಟೆ ಬೆಳಕಿಗೆ ಒಡ್ಡಬೇಕು. ಹರಳನ್ನು ದ್ರವಗಾಳಿಯ ಚಳಿಯಲ್ಲಿ ಇಟ್ಟು ಅಷ್ಟೂ ಹೊತ್ತು ಕಾಯಬೇಕು. ಮಧ್ಯೆ ಏನಾದರೂ ಕೆಟ್ಟರೆ ಮತ್ತೆ ಮೊದಲಿನಿಂದ. ಎಷ್ಟೋ ರಾತ್ರಿಗಳು ಲ್ಯಾಬಿನಲ್ಲೇ ಕಳೆದವು.

ಲ್ಯಾಬಿನಲ್ಲಿ ರಾತ್ರಿ ಕಳೆಯೋದು ಸಂಶೋಧಕರಿಗೆ ಹೊಸದಲ್ಲ. ಆದರೆ ಗಂಡು ವಿದ್ಯಾರ್ಥಿಗಳಿಗೆ ಆ ರಾತ್ರಿಗಳಲ್ಲಿ ಜೊತೆ ಇತ್ತು, ಹರಟೆ ಇತ್ತು, ಪ್ರಯೋಗ ಕೈಕೊಟ್ಟರೆ ಪಕ್ಕದ ಮೇಜಿನವನನ್ನು ಕೇಳುವ ಅವಕಾಶ ಇತ್ತು. ರಾಮನ್ ತಮ್ಮ ಲ್ಯಾಬಿನಲ್ಲಿ ಗಂಡು ಹೆಣ್ಣು ಬೆರೆಯುವುದನ್ನು ಸಹಿಸುತ್ತಿರಲಿಲ್ಲ. ಹುಡುಗಿಯರು ಹುಡುಗರ ಜೊತೆ ಮಾತಾಡಿದರೆ ಮುಖ ಗಂಟಿಕ್ಕುತ್ತಿದ್ದರು. ವಿಜ್ಞಾನದ ಅರ್ಧ ಕಲಿಕೆ ನಡೆಯೋದೇ ಮಾತಿನಲ್ಲಿ, ಆ ಮಾತಿನಿಂದ ಈ ಹೆಣ್ಣುಮಕ್ಕಳು ಹೊರಗಿದ್ದರು. ಇದೇ ಸಂಸ್ಥೆಯಲ್ಲಿ 1933ರಲ್ಲಿ ಕಮಲಾ ಭಾಗವತ್ ಅವರಿಗೆ ಹೆಣ್ಣು ಅನ್ನೋ ಕಾರಣಕ್ಕೇ ರಾಮನ್ ಪ್ರವೇಶ ನಿರಾಕರಿಸಿದ್ದರು. ಅವರು ಪಟ್ಟು ಹಿಡಿದ ಮೇಲೆ ಮೊದಲ ವರ್ಷ ಪರೀಕ್ಷಾರ್ಥ ಅನ್ನೋ ಷರತ್ತಿನಲ್ಲಿ ಸೇರಿಸಿಕೊಂಡರು. ಆ ಕಮಲಾ ಮುಂದೆ ಕೇಂಬ್ರಿಡ್ಜಿನಲ್ಲಿ 1939ರಲ್ಲಿ ಪಿಎಚ್‌ಡಿ ಪಡೆದ ಕಮಲಾ ಸೊಹೊನಿ. ಅದಾದ ಮೇಲೆ ಬಾಗಿಲೇನೋ ತೆರೆಯಿತು. ಒಳಗಿನ ಗೋಡೆಗಳು ಹಾಗೇ ಇದ್ದವು.

ಅನ್ನಾ ಮಣಿ ಇದ್ದ ಕಾಲದಲ್ಲೇ ಅದೇ ಲ್ಯಾಬಿನಲ್ಲಿ ಇನ್ನೊಬ್ಬ ವಿದ್ಯಾರ್ಥಿನಿ ಇದ್ದರು, ಸುನಂದಾ ಬಾಯಿ. ಬೆಳಕಿನ ಚದುರುವಿಕೆಯ ಮೇಲೆ ಒಬ್ಬರೇ ಬರೆದ 10 ಲೇಖನಗಳು ಅವರ ಹೆಸರಿನಲ್ಲಿವೆ. ಪ್ರಬಂಧ ಸಲ್ಲಿಸಿದರು, ಪದವಿ ಬರಲಿಲ್ಲ. ಮುಂದಿನ ಸಂಶೋಧನೆಗೆ ಸ್ವೀಡನ್ನಿಗೆ ಹೊರಡುವುದಿತ್ತು. ಹೊರಡುವ ಮುನ್ನವೇ ತಮ್ಮ ಜೀವ ಕಳೆದುಕೊಂಡರು. ಇತಿಹಾಸಕಾರ್ತಿ ಆಭಾ ಸುರ್ ತಮ್ಮ ಪುಸ್ತಕದಲ್ಲಿ ಬರೆಯದೇ ಹೋಗಿದ್ದರೆ ನನ್ನಂಥವರಿಗೆ ಈ ಹೆಸರೂ ಗೊತ್ತಾಗುತ್ತಿರಲಿಲ್ಲ.

ಆ ಸಾವಿಗೆ ಕಾರಣ ಏನು ಅನ್ನೋದು ಹೊರಬರಲೇ ಇಲ್ಲ. ಲ್ಯಾಬೇ ಕಾರಣ, ಪದವಿ ಬಾರದ್ದೇ ಕಾರಣ ಅಂತ ಇವತ್ತು ಇಲ್ಲಿ ಕೂತು ತೀರ್ಪು ಕೊಡುವುದು ಆಕೆಗೂ ಅನ್ಯಾಯ, ರಾಮನ್ ಅವರಿಗೂ ಅನ್ಯಾಯ. ಒಂದು ಸಾವಿಗೆ ಒಂದೇ ಕಾರಣ ಹುಡುಕೋದನ್ನು ಮನೋವೈದ್ಯರೂ ಒಪ್ಪಲ್ಲ. ಆದರೆ ಹತ್ತು ಲೇಖನ ಬರೆದ, ವಿದೇಶಕ್ಕೆ ಹೊರಟಿದ್ದ ವಿದ್ಯಾರ್ಥಿ ಹೊರಗಿನಿಂದ ನೋಡಿದರೆ ಗೆದ್ದ ಹಾಗೇ ಕಾಣ್ತಾರೆ ಅನ್ನೋದಂತೂ ನಿಜ. ಶ್ರೀರಾಮನಗರದ ಹುಡುಗನೂ ಊರಿನ ಕಣ್ಣಿಗೆ ಗೆದ್ದವನೇ.

ಅನ್ನಾ ಮಣಿ ವಿಷಯಕ್ಕೆ ಬರೋಣ. 1942ರಿಂದ 1945ರ ನಡುವೆ ವಜ್ರ ಮತ್ತು ಮಾಣಿಕ್ಯದ ಬೆಳಕಿನ ಬಗ್ಗೆ ಒಬ್ಬರೇ ಬರೆದ ಐದು ಲೇಖನಗಳು ಪ್ರಕಟವಾದವು. 1945ರ ಆಗಸ್ಟ್‌ನಲ್ಲಿ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಬೆಂಗಳೂರಿನ ಸಂಸ್ಥೆ ಆಗ ತಾನೇ ಪದವಿ ಕೊಡುತ್ತಿರಲಿಲ್ಲ, ಅದಕ್ಕೆ ವಿಶ್ವವಿದ್ಯಾಲಯದ ಮಾನ್ಯತೆ ಬಂದದ್ದು 1958ರಲ್ಲಿ. ಮದರಾಸಿನವರು ಕಡತ ನೋಡಿ, ಈಕೆಗೆ ಎಂಎಸ್ಸಿ ಇಲ್ಲ, ಹಾಗಾಗಿ ಪಿಎಚ್‌ಡಿ ಇಲ್ಲ ಅಂದರು. ಐದು ವರ್ಷದ ರಾತ್ರಿಗಳು, ಐದು ಲೇಖನಗಳು, ಎಲ್ಲಕ್ಕಿಂತ ಒಂದು ಕಾಗದ ದೊಡ್ಡದಾಯಿತು. ಆನರ್ಸ್ ಮಾಡಿದವರನ್ನು ಸಂಶೋಧನೆಗೆ ಸೇರಿಸಿಕೊಳ್ಳುವಾಗ ಅಡ್ಡಬರದ ನಿಯಮ ಪದವಿ ಕೊಡುವಾಗ ಎದ್ದು ನಿಂತಿತು. ನಮ್ಮ ವಿಶ್ವವಿದ್ಯಾಲಯಗಳ ಆಡಳಿತ ವಿಭಾಗದ ಕಿಟಕಿ ಮುಂದೆ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಬಗ್ಗೆ ಅನ್ನಾ ಮಣಿ ಮುಂದೆ ಯಾವತ್ತೂ ಕೊರಗಲಿಲ್ಲ. ಪಿಎಚ್‌ಡಿ ಇಲ್ಲದ್ದರಿಂದ ತನಗೇನೂ ನಷ್ಟವಾಗಲಿಲ್ಲ ಅನ್ನೋದೇ ಅವರ ನಿಲುವು. ಹೆಣ್ಣಾಗಿದ್ದಕ್ಕೆ ಕಷ್ಟಪಟ್ಟಿರಾ ಅಂತ ಕೇಳಿದವರ ಮೇಲೆ ಅವರಿಗೆ ಬೇಸರ ಬರುತ್ತಿತ್ತು. ರಾಮನ್ ಬಗ್ಗೆ ಗೌರವ ಕೊನೆವರೆಗೂ ಉಳಿದಿತ್ತು. ಈ ಗಟ್ಟಿತನ ನಿಜವಾದದ್ದು, ಅದನ್ನು ಅನುಮಾನಿಸೋಕೆ ನಾವ್ಯಾರು. ಆದರೆ ಇವತ್ತು ಸೆಮಿನಾರುಗಳಲ್ಲಿ ಇಂಥ ಕಥೆಗಳನ್ನು ಬಳಸುವ ರೀತಿ ನನಗೆ ಹಿಡಿಸಲ್ಲ. ನೋಡಿ, ಅವರು ಅಷ್ಟೆಲ್ಲ ಸಹಿಸಿದರು, ನಿಮಗೇನು ಧಾಡಿ ಅನ್ನೋ ಧಾಟಿ. ಅದೇ ಲ್ಯಾಬು, ಅದೇ ಗುರು, ಅದೇ ಕಾಲ, ಇಬ್ಬರು ವಿದ್ಯಾರ್ಥಿನಿಯರು. ಒಬ್ಬರು ಉಳಿದು ದೊಡ್ಡವರಾದರು, ಒಬ್ಬರು ಉಳಿಯಲಿಲ್ಲ. ಉಳಿದವರನ್ನಷ್ಟೇ ಲೆಕ್ಕ ಹಿಡಿದರೆ ಲ್ಯಾಬು ಸರಿಯಾಗಿಯೇ ಇತ್ತು ಅಂತ ಬರುತ್ತೆ.

ಅಳತೆಯ ವಿಷಯದಲ್ಲಿ ಅನ್ನಾ ಮಣಿಗಿಂತ ಕಟ್ಟುನಿಟ್ಟಾದವರು ಸಿಗುವುದು ಕಷ್ಟ. ಪದವಿ ಇಲ್ಲದೇ ಅದೇ 1945ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೊರಟರು. ಭೌತಶಾಸ್ತ್ರ ಮುಂದುವರಿಸುವ ಆಸೆ, ಆದರೆ ಸಿಕ್ಕ ವೇತನ ಹವಾಮಾನ ಉಪಕರಣಗಳ ಅಧ್ಯಯನಕ್ಕೆ. ಸರಿ ಅಂದರು. 1948ರಲ್ಲಿ ಮರಳಿ ಪುಣೆಯ ಹವಾಮಾನ ಇಲಾಖೆ ಸೇರಿದಾಗ ದೇಶಕ್ಕೆ ಥರ್ಮಾಮೀಟರು, ವಾಯುಭಾರ ಮಾಪಕದಂಥವೂ ಹೊರಗಿನಿಂದಲೇ ಬರಬೇಕಿತ್ತು. ಸುಮಾರು 100 ಉಪಕರಣಗಳ ನಕ್ಷೆಗಳನ್ನು ಒಂದು ಮಾನಕ್ಕೆ ತಂದು ಇಲ್ಲೇ ತಯಾರಿಸುವ ಹಾಗೆ ಮಾಡಿದರು. 1953ರ ಹೊತ್ತಿಗೆ ವಿಭಾಗದ ಮುಖ್ಯಸ್ಥೆ, ಕೈಕೆಳಗೆ 121 ಗಂಡಸರು. ತಪ್ಪು ಅಳತೆಗಿಂತ ಅಳೆಯದೇ ಇರೋದೇ ವಾಸಿ ಅನ್ನುವಷ್ಟು ನಿಷ್ಠುರ.

1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ದೇಶದುದ್ದಕ್ಕೂ ಸೌರ ವಿಕಿರಣ ಅಳೆಯುವ ಕೇಂದ್ರಗಳ ಜಾಲ ಹಾಕಿದರು. ಓಜೋನ್ ಅಳೆಯುವ ಬಲೂನು ಉಪಕರಣ ರೂಪಿಸಿದರು. ವಿಕ್ರಂ ಸಾರಾಭಾಯಿ ಕೇಳಿದಾಗ ತುಂಬಾ ರಾಕೆಟ್ ಕೇಂದ್ರದಲ್ಲಿ ಹವಾಮಾನ ವೀಕ್ಷಣಾಲಯ ಎಬ್ಬಿಸಿಕೊಟ್ಟರು. 1976ರಲ್ಲಿ ನಿವೃತ್ತಿ. ಆಮೇಲೆ ಬೆಂಗಳೂರಿಗೇ ಮರಳಿ, ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕಿ. ಪಿಎಚ್‌ಡಿ ಇಲ್ಲದ ಪ್ರಾಧ್ಯಾಪಕಿ, ಅದೂ ರಾಮನ್ ಹೆಸರಿನ ಸಂಸ್ಥೆಯಲ್ಲಿ! ಭಾರತದ ಸೌರ ವಿಕಿರಣದ ಮೇಲೆ 1980 ಮತ್ತು 1981ರಲ್ಲಿ ಎರಡು ದೊಡ್ಡ ಗ್ರಂಥಗಳು ಬಂದವು. 1983ರಲ್ಲಿ ಡಿ.ಎ. ಮೂಲೆ ಅವರೊಂದಿಗೆ ಗಾಳಿಶಕ್ತಿಯ ದತ್ತಾಂಶದ ಪುಸ್ತಕ. ನಂತರ ದೇಶದ ನೂರಾರು ಜಾಗಗಳಲ್ಲಿ ಗಾಳಿ ಸಮೀಕ್ಷೆ. ಗಾಳಿಯ ವೇಗ, ಬಿಸಿಲು ಅಳೆಯುವ ಉಪಕರಣ ತಯಾರಿಸೋಕೆ ಬೆಂಗಳೂರಿನಲ್ಲೇ ಒಂದು ಸಣ್ಣ ಕಾರ್ಖಾನೆಯನ್ನೂ ತೆರೆದಿದ್ದರು.

ಆ ನಿಷ್ಠುರತೆಯನ್ನು ಸಂಶೋಧನಾ ವಿದ್ಯಾರ್ಥಿಗಳ ಮನಸ್ಸಿನ ಆರೋಗ್ಯಕ್ಕೂ ಅನ್ವಯಿಸಿ ನೋಡಬೇಕು. 2018ರಲ್ಲಿ ನೇಚರ್ ಬಯೋಟೆಕ್ನಾಲಜಿ ಪತ್ರಿಕೆಯಲ್ಲಿ 26 ದೇಶಗಳ 2,279 ಮಂದಿಯನ್ನು ಕೇಳಿ ಬರೆದ ಅಧ್ಯಯನ ಬಂತು. ಸಾಮಾನ್ಯ ಜನರಿಗಿಂತ ಇವರಲ್ಲಿ ಖಿನ್ನತೆ, ಆತಂಕ ಆರು ಪಟ್ಟು ಹೆಚ್ಚು ಅನ್ನೋದು ಅದರ ಸುದ್ದಿಯಾದ ಸಾಲು. ಅನ್ನಾ ಮಣಿ ಇದ್ದಿದ್ದರೆ ಮೊದಲು ಕೇಳೋದು, ಉತ್ತರ ಕೊಟ್ಟವರು ಯಾರು, ನೊಂದವರೇ ಹೆಚ್ಚಾಗಿ ಬಂದು ತುಂಬಿದರಾ ಅಂತ. ನ್ಯಾಯವಾದ ಪ್ರಶ್ನೆ. ತಾವಾಗಿ ಬಂದವರ ಉತ್ತರದಿಂದ ಇಡೀ ಸಮುದಾಯವನ್ನು ಅಳೆಯೋಕೆ ಆಗಲ್ಲ. ಹಾಗಂತ ಪ್ರಶ್ನಾವಳಿ ಸರಿಯಿಲ್ಲ ಅಂದು ಕಾಯಿಲೆಯೇ ಇಲ್ಲ ಅನ್ನುವುದೂ ವಿಜ್ಞಾನ ಅಲ್ಲ. ಸರಿಯಾಗಿ ಅಳೆಯಿರಿ ಅನ್ನಬೇಕು. ಪ್ರತಿ ವಿಶ್ವವಿದ್ಯಾಲಯವೂ ಎಷ್ಟು ಜನ ನೋಂದಾಯಿಸಿದರು, ಎಷ್ಟು ಜನ ಮಧ್ಯದಲ್ಲಿ ಬಿಟ್ಟರು, ಯಾಕೆ ಬಿಟ್ಟರು ಅಂತ ವರ್ಷಕ್ಕೊಮ್ಮೆ ಹೊರಗಿಡಲಿ. ಅದಕ್ಕೆ ದ್ರವಗಾಳಿ ಬೇಕಿಲ್ಲ.

ಅಳೆಯದೇ ಏನಾದರೂ ಮಾಡಿದ್ದೇವೆ ಅಂತ ತೋರಿಸೋದು ಸುಲಭ. ಕೆಲವು ವಿದ್ಯಾರ್ಥಿಗಳ ಸಾವಿನ ನಂತರ 2021ರ ಕೊನೆಗೆ ಭಾರತೀಯ ವಿಜ್ಞಾನ ಸಂಸ್ಥೆ ಹಾಸ್ಟೆಲ್ ಕೋಣೆಗಳ ಸೀಲಿಂಗ್ ಫ್ಯಾನು ತೆಗೆದು ಗೋಡೆ ಫ್ಯಾನು ಹಾಕಿಸತೊಡಗಿತು. ಆ ಕ್ಷಣದ ಅಪಾಯ ತಪ್ಪಿಸೋಕೆ ಅದರಿಂದ ಸಹಾಯ ಆಗಬಹುದು, ಪರಿಣತರೂ ಹಾಗೇ ಹೇಳ್ತಾರೆ, ನಕ್ಕು ಬಿಡೋದು ಬೇಡ. ಆದರೆ ಫ್ಯಾನು ಬದಲಾದ ಕೋಣೆಯಲ್ಲಿ ಗೈಡಿನ ಫೋನು ಬದಲಾಗಿರಲ್ಲ. ನಮ್ಮ ಕಡೆಯ ಕಷ್ಟ ಇನ್ನೂ ಒಂದು ಮಟ್ಟ ಕೆಳಗಿನದು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಸಂಶೋಧನಾರ್ಥಿಗಳು ಬಾಕಿ ಫೆಲೋಶಿಪ್ಪಿಗಾಗಿ ಧರಣಿ ಕೂತದ್ದನ್ನು ನಾವು ನೋಡಿದ್ದೇವೆ. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ ಆಗಿದೆ ನಿಜ, ಅದು ಸಿಕ್ಕವರಿಗೆ. ಸಿಗದವರು ಮನೆಯ ಭತ್ತದ ದುಡ್ಡಿನಲ್ಲಿ ಓದುತ್ತಾರೆ, ಭತ್ತದ ದರ ಬಿದ್ದ ವರ್ಷ ಫೋನು ಎತ್ತೋದು ಬಿಡುತ್ತಾರೆ. ಯುಜಿಸಿಯ 2022ರ ನಿಯಮಗಳು ಗರಿಷ್ಠ ಅವಧಿಯನ್ನು 6 ವರ್ಷ ಅಂತ ಇಟ್ಟಿವೆ, ಪ್ರಬಂಧಕ್ಕೆ ಮುನ್ನ ಲೇಖನ ಪ್ರಕಟಿಸಲೇಬೇಕು ಅನ್ನುವ ಷರತ್ತನ್ನೂ ತೆಗೆದಿವೆ. ಆದರೆ ಗೈಡ್ ಸಹಿ ಎಷ್ಟು ದಿನದಲ್ಲಿ ಬೀಳಬೇಕು ಅನ್ನುವ ಜಗಳ ಇನ್ನೂ ವಿದ್ಯಾರ್ಥಿಯ ತಲೆ ಮೇಲೇ ಇದೆ.

ಶ್ರೀರಾಮನಗರದ ಹುಡುಗನಿಗೆ ನಾನು ಕೊಟ್ಟದ್ದು ಒಂದು ನಂಬರು, 14416. ಟೆಲಿ ಮಾನಸ್. ದಿನದ ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅವನು ಇಸಕೊಂಡು ಜೇಬಿಗೆ ಹಾಕಿಕೊಂಡ. ಅನ್ನಾ ಮಣಿ ಕಥೆಯನ್ನೂ ಹೇಳಿದೆ. ಅವನು ಅನ್ನಾ ಮಣಿಗಿಂತ ಸುನಂದಾ ಬಾಯಿ ಬಗ್ಗೆಯೇ ಹೆಚ್ಚು ಕೇಳಿದ.

ಅನ್ನಾ ಮಣಿ ಮದುವೆಯಾಗಲಿಲ್ಲ. 1994ರಲ್ಲಿ ಪಾರ್ಶ್ವವಾಯು ಬಡಿದು ಓಡಾಟ ನಿಂತಿತು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು. ಪದವಿ ಬಾರದ ಆ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಬಂದ ಉಳಿದ ಪ್ರಬಂಧಗಳ ಜೊತೆಗೇ, ಅವುಗಳ ಹಾಗೇ ರಟ್ಟು ಕಟ್ಟಿಸಿಕೊಂಡು ಕೂತಿದೆ.