ಡಾಕ್ಟರ್ ಐಡಾ ಸ್ಕಡರ್ ಅಮ್ಮನವರು

ವೇಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಹೆಸರನ್ನು ಕೇಳದವರು ನಮ್ಮ ದೇಶದಲ್ಲಿ ವಿರಳ. ಆದರೆ ಅದನ್ನು ಸ್ಥಾಪಿಸಿದ ಡಾಕ್ಟರ್ ಐಡಾ ಸ್ಕಡರ್ ಅಮ್ಮನವರು ಯೌವನದಲ್ಲಿ ಮಿಶನ್ ಸೇವೆಯೇ ತಮಗೆ ಬೇಡವೆಂದು ನಿಶ್ಚಯಿಸಿದ್ದರೆಂಬುದನ್ನು ಅನೇಕರು ಅರಿಯರು. ವಿಶ್ವಾಸವು ಪಿತ್ರಾರ್ಜಿತ ಸ್ವತ್ತಿನಂತೆ ಕೈಗೆ ಬರುವಂಥದಲ್ಲವೆಂಬುದನ್ನು ಅವರ ಜೀವಿತದಿಂದ ನಾವು ಕಲಿಯುತ್ತೇವೆ.

ಅವರು 1870ನೆಯ ಇಸವಿ ಡಿಸೆಂಬರ್ 9ರಂದು ರಾಣಿಪೇಟೆಯಲ್ಲಿ ಜನಿಸಿದರು. ಅಜ್ಜನೂ ತಂದೆಯೂ ವೈದ್ಯ ಮಿಶನೆರಿಗಳು. 1876ರಿಂದ 78ರ ವರೆಗೆ ಮದ್ರಾಸು, ಮೈಸೂರು ಸೀಮೆಗಳನ್ನು ಪೀಡಿಸಿದ ಮಹಾಕ್ಷಾಮದಲ್ಲಿ ಹಸಿದು ಸಾಯುತ್ತಿದ್ದ ಮಕ್ಕಳನ್ನು ಆ ಬಾಲಿಕೆಯು ಕಣ್ಣಾರೆ ಕಂಡರು. ಮುಂದೆ ಸಂಸಾರವು ಅಮೆರಿಕಕ್ಕೆ ಹೋಯಿತು. ಮೊದಲು ತಂದೆ, ಅನಂತರ ತಾಯಿ, ಮಗಳನ್ನು ಬಂಧುಗಳ ಬಳಿ ಬಿಟ್ಟು ಸೇವೆಗಾಗಿ ಹಿಂದೂದೇಶಕ್ಕೆ ಮರಳಿದರು. ಬರವನ್ನೂ ಅಗಲಿಕೆಯನ್ನೂ ತಂದ ಆ ಸೇವೆಯಲ್ಲಿ ಹುಡುಗಿಯ ಮನಸ್ಸು ನಿಲ್ಲದೆ ಹೋದುದು ಆಶ್ಚರ್ಯವಲ್ಲ.

ತಾಯಿಯವರು ಅಸ್ವಸ್ಥರಾದುದರಿಂದ, ಅವರ ಶುಶ್ರೂಷೆಗಾಗಿ 1890ರಲ್ಲಿ ಐಡಾ ಅವರು ತಿಂಡಿವನಕ್ಕೆ ಬಂದರು. ರೋಗಿಯ ಆರೈಕೆ, ಮನೆವಾರ್ತೆ, ಹೆಣ್ಣುಮಕ್ಕಳಿಗೆ ಪಾಠ ಹೇಳುವುದು, ಇವು ಅವರ ದಿನಚರಿಯಾದುವು. ತಾಯಿ ಗುಣಮುಖರಾದೊಡನೆ ಹಿಂದಿರುಗಬೇಕೆಂಬುದೇ ಅವರ ಆಶೆಯಾಗಿತ್ತು.

ಒಂದು ರಾತ್ರಿ ಒಬ್ಬ ಬ್ರಾಹ್ಮಣನು ಬಂದು, ಪ್ರಸವವೇದನೆಯಲ್ಲಿದ್ದ ತನ್ನ ಎಳೆಯ ಹೆಂಡತಿಯನ್ನು ಉಳಿಸಬೇಕೆಂದು ಬೇಡಿಕೊಂಡನು. ಐಡಾ ಅವರು ತಾವು ವೈದ್ಯರಲ್ಲವೆಂದು ಹೇಳಿ, ತಂದೆಯವರನ್ನು ಕರೆದುಕೊಂಡು ಹೋಗುವಂತೆ ತಿಳಿಸಿದರು. ಪರಪುರುಷನು ಅಂತಃಪುರವನ್ನು ಪ್ರವೇಶಿಸಲಾಗದೆಂದು ಅವನು ಹಿಂದಿರುಗಿದನು. ಅದೇ ರಾತ್ರಿ ಒಬ್ಬ ಮುಸಲ್ಮಾನನೂ, ಇನ್ನೊಬ್ಬ ಹಿಂದೂ ಗೃಹಸ್ಥನೂ ಅದೇ ಬೇಡಿಕೆಯೊಡನೆ ಬಂದು, ಅದೇ ಕಾರಣದಿಂದ ಬರಿಗೈಯಲ್ಲಿ ಹೋದರು. ಬೆಳಗಾದಾಗ ಮೂವರು ಸ್ತ್ರೀಯರೂ ತೀರಿಹೋಗಿದ್ದರು. ಔಷಧವೂ ವೈದ್ಯನೂ ಸಮೀಪದಲ್ಲಿಯೇ ಇದ್ದು, ಸ್ತ್ರೀವೈದ್ಯರಿಲ್ಲದ ಒಂದೇ ಕೊರತೆಯಿಂದ ಮೂರು ಪ್ರಾಣಗಳು ಹೋದುವು. ಐಡಾ ಅವರು ಬಹಳ ಹೊತ್ತು ಪ್ರಾರ್ಥನೆಯಲ್ಲಿದ್ದು, ವೈದ್ಯವಿದ್ಯೆಯನ್ನು ಕಲಿತು ಬರುವೆನೆಂಬ ತಮ್ಮ ನಿರ್ಧಾರವನ್ನು ತಂದೆತಾಯಿಗಳಿಗೆ ತಿಳಿಸಿದರು.

1899ರಲ್ಲಿ ಅವರು ಕಾರ್ನೆಲ್ ವಿಶ್ವವಿದ್ಯಾನಿಲಯದ ವೈದ್ಯಪದವಿಯನ್ನು ಪಡೆದರು. ಶೆಲ್ ಎಂಬ ಧನಿಕರು ದಿವಂಗತೆಯಾದ ಪತ್ನಿಯ ಸ್ಮರಣಾರ್ಥವಾಗಿ ಕೊಟ್ಟ 10,000 ಡಾಲರುಗಳಿಂದ 1902ರಲ್ಲಿ ವೇಲೂರಿನಲ್ಲಿ ಸ್ತ್ರೀಯರ ಆಸ್ಪತ್ರೆಯು ತೆರೆಯಿತು. ಹಳ್ಳಿಗಳ ರೋಗಿಗಳಿಗಾಗಿ ಮಾರ್ಗದ ಬದಿಯಲ್ಲಿಯೇ ಚಿಕಿತ್ಸೆ ನಡೆಯತೊಡಗಿತು. ಆದರೂ ಒಬ್ಬಳು ವೈದ್ಯಳು ಎಷ್ಟು ಬಾಗಿಲುಗಳಿಗೆ ಹೋಗಬಲ್ಲಳು? ಆದಕಾರಣ 1918ರಲ್ಲಿ ಅಮ್ಮನವರು ಹೆಣ್ಣುಮಕ್ಕಳಿಗಾಗಿ ವೈದ್ಯಶಾಲೆಯನ್ನು ಸ್ಥಾಪಿಸಿದರು. ಮೂವರು ಬಂದರೂ ಪುಣ್ಯವೆಂದು ಅಧಿಕಾರಿಗಳು ಎಣಿಸಿದ್ದರು. ಬಂದ ಅರ್ಜಿಗಳು 151. ಗಂಡುಮಕ್ಕಳಿಗೆ ಅಲ್ಲಿ ಪ್ರವೇಶ ದೊರೆತುದು 1947ರಲ್ಲಿ. ಅಮ್ಮನವರು 1960ರಲ್ಲಿ ಕೋಡೈಕನಾಲಿನಲ್ಲಿ, ತಮ್ಮ 89ನೆಯ ವಯಸ್ಸಿನಲ್ಲಿ, ಕರ್ತನಲ್ಲಿ ನಿದ್ರೆಹೋದರು.

ಪ್ರಿಯ ತಂದೆತಾಯಿಗಳೇ, ಆ 151 ಅರ್ಜಿಗಳ ಹಿಂದೆ ಮಗಳನ್ನು ಹೈಸ್ಕೂಲಿನ ವರೆಗೆ ಓದಿಸಿದ ಮನೆಗಳಿದ್ದುವೆಂಬುದನ್ನು ನಾವು ಮರೆಯಲಾಗದು. ಅಂಥ ಮನೆಗಳಿಲ್ಲದಿದ್ದರೆ ಅಮ್ಮನವರ ವೈದ್ಯಶಾಲೆಯು ಬರಿದಾಗಿಯೇ ಉಳಿಯುತ್ತಿತ್ತು. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ದಿನಗಳು ಮನೆವಾರ್ತೆಯಲ್ಲಿಯೂ ರೋಗಿಯ ಆರೈಕೆಯಲ್ಲಿಯೂ ಕಳೆಯುತ್ತಿದ್ದರೆ ಎದೆಗುಂದಬೇಡಿರಿ. ದೇವರ ಕರೆಯು ಐಡಾ ಅವರಿಗೆ ಬಂದುದು ಅಂಥ ದಿನಗಳಲ್ಲಿಯೇ.