ತೂತು ಕೊರೆದು ಹೆಸರಾದ ಚಾರ್ಲ್ಸ್ ಆರ್ವಿಸ್

ಮೀನು ಹಿಡಿಯುವ ರೀಲಿಗೂ ಇಂಜಿನಿಯರಿಂಗಿಗೂ ಏನ್ ಸಂಬಂಧ ಅಂತ ಕೇಳ್ತೀರಾ? ಕೇಳಿ, ಪರವಾಗಿಲ್ಲ. ಈ ಸಲ ನಾವು ಪರಿಚಯಿಸುತ್ತಿರುವ ಮನುಷ್ಯನ ಬದುಕೇ ಅದಕ್ಕೆ ಉತ್ತರ.

ಮೊದಲು ಯಂತ್ರ ಯಾವುದು ಅಂತ ನೋಡೋಣ. ನಡುವೆ ಒಂದು ಕಡ್ಡಿ, ಅದರ ಮೇಲೆ ತಿರುಗುವ ಒಂದು ಸ್ಪೂಲ್, ಪಕ್ಕದಲ್ಲಿ ಹಿಡಿ. ಹಲ್ಲಿನ ಚಕ್ರಗಳಿಲ್ಲ. ಕೈ ಒಂದು ಸುತ್ತು ತಿರುಗಿಸಿದರೆ ಸ್ಪೂಲೂ ಒಂದೇ ಸುತ್ತು. ಇಂಗ್ಲೆಂಡಿನಲ್ಲಿ ನದಿ ಮೀನುಗಾರರು ಬಳಸುವ ಸೆಂಟರ್‌ಪಿನ್ ರೀಲು, ಅಮೆರಿಕದ ಸಾದಾ ಫ್ಲೈ ರೀಲು, ಎರಡೂ ಇದೇ ತತ್ತ್ವದ ಮಕ್ಕಳು. ಇಷ್ಟು ಸರಳವಾದದ್ದರಲ್ಲಿ ಸುಧಾರಿಸೋಕೆ ಏನಿದೆ ಅನ್ನಿಸುತ್ತೆ. ಇದೆ ಅಂತ ತೋರಿಸಿದವರು ಚಾರ್ಲ್ಸ್ ಎಫ್. ಆರ್ವಿಸ್.

ಆರ್ವಿಸ್ ಹುಟ್ಟಿದ್ದು 1831ರಲ್ಲಿ, ಅಮೆರಿಕದ ವರ್ಮಾಂಟ್ ರಾಜ್ಯದ ಮ್ಯಾಂಚೆಸ್ಟರ್ ಎಂಬ ಊರಿನಲ್ಲಿ. ಬೆಟ್ಟದ ಮಗ್ಗುಲ ಸಣ್ಣ ಊರು. ಪಕ್ಕದಲ್ಲೇ ಬ್ಯಾಟನ್‌ಕಿಲ್ ನದಿ, ಅದರ ತುಂಬ ಟ್ರೌಟ್ ಮೀನು. ಅಣ್ಣ ಫ್ರಾಂಕ್ಲಿನ್ ಅಲ್ಲಿ ಈಕ್ವಿನಾಕ್ಸ್ ಹೌಸ್ ಅಂತ ಹೋಟೆಲ್ ತೆರೆದಿದ್ದರು. ಬೇಸಿಗೆ ಬಂದರೆ ದೊಡ್ಡ ಪಟ್ಟಣಗಳ ಶ್ರೀಮಂತರು ಅಲ್ಲಿಗೆ ಬರುತ್ತಿದ್ದರು. ಬಂದವರಿಗೆ ನದಿಗಿಳಿಯೋ ಆಸೆ. ಅದಕ್ಕೆ ಒಳ್ಳೆಯ ಗಾಳದ ಕೋಲು ಬೇಕು. ಚಾರ್ಲ್ಸ್ ಕೈಯಲ್ಲಿ ಕೆಲಸವಿತ್ತು. 1856ರಲ್ಲಿ ಊರಲ್ಲೇ ಅಂಗಡಿ ಹಾಕಿದರು. ಮಗಳು ಮೇರಿ ಹುಟ್ಟಿದ್ದೂ ಅದೇ ವರ್ಷ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಆಗಿನ ದಾರ ರೇಷ್ಮೆಯದು. ಒದ್ದೆಯಾದ ರೇಷ್ಮೆಯನ್ನು ಹಾಗೇ ಸುತ್ತಿಟ್ಟರೆ ಕೊಳೆಯುತ್ತೆ. ದೊಡ್ಡ ಮೀನು ಸಿಕ್ಕ ದಿನವೇ ಪಟ್ ಅಂತ ತುಂಡಾಗುತ್ತೆ. ರೀಲುಗಳೋ ಅಗಲವಾಗಿ, ಭಾರವಾಗಿ ಇರುತ್ತಿದ್ದವು. ದಾರ ಒಂದೇ ಕಡೆ ಗುಡ್ಡೆಯಾಗಿ ಸಿಕ್ಕಿಹಾಕಿಕೊಳ್ಳುತ್ತಿತ್ತು. ಆರ್ವಿಸ್ 1874ರ ಮೇ 12ರಂದು ಪೇಟೆಂಟ್ ಪಡೆದ ರೀಲಿನಲ್ಲಿ ಮಾಡಿದ್ದು ಎರಡೇ ಕೆಲಸ. ಸ್ಪೂಲನ್ನು ಕಿರಿದಾಗಿಸಿ ಎತ್ತರ ಹೆಚ್ಚಿಸಿದರು. ಲೋಹದ ಫಲಕಗಳ ತುಂಬ ತೂತು ಕೊರೆದರು.

ಲೆಕ್ಕ ಹಾಕಿ ನೋಡಿ. ಸುತ್ತಿನ ವ್ಯಾಸ 2 ಸೆಂ.ಮೀ. ಇದ್ದರೆ ಒಂದು ಸುತ್ತಿಗೆ ಬರುವ ದಾರ ಸುಮಾರು 6.3 ಸೆಂ.ಮೀ. ವ್ಯಾಸ 6 ಆದರೆ ಸುಮಾರು 18.8. ಗೇರ್ ಇಲ್ಲದೆಯೇ ಮೂರು ಪಟ್ಟು! ಕಿರಿದಾದ ಜಾಗದಲ್ಲಿ ದಾರ ಒಂದರ ಮೇಲೊಂದು ಒಪ್ಪವಾಗಿ ಕೂರುತ್ತೆ. ಇನ್ನು ತೂತುಗಳಿಂದ ತೂಕ ಇಳಿಯಿತು, ಗಾಳಿಯಾಡಿ ದಾರ ಒಣಗಿತು. ಒಂದೇ ಉಪಾಯಕ್ಕೆ ಎರಡು ಲಾಭ. ಆಗಿನ ಅಮೆರಿಕದ ಪೇಟೆಂಟಿಗೆ 17 ವರ್ಷ ಆಯುಸ್ಸು. ಆ ಆಕಾರದ ಆಯುಸ್ಸು ಅದಕ್ಕಿಂತ ಎಷ್ಟೋ ದೊಡ್ಡದು. ಇವತ್ತಿನ ಫ್ಲೈ ರೀಲುಗಳನ್ನು ನೋಡಿದರೂ ಅದೇ ಕಿರಿದಾದ ಸ್ಪೂಲು, ಅವೇ ತೂತುಗಳು.

ಈಗ ಮೇರಿ ವಿಷಯ. ಹಕ್ಕಿಯ ಗರಿ, ದಾರ ಸೇರಿಸಿ ಕೊಕ್ಕೆಗೆ ಕಟ್ಟುವ ಹುಳುವಿನಂಥ ಎರೆಗೆ ಫ್ಲೈ ಅಂತಾರೆ. 1870ರ ದಶಕದಲ್ಲಿ ಅದನ್ನು ಕಟ್ಟುವ ಹೆಂಗಸರ ತಂಡದ ಹೊಣೆ ಮೇರಿಯ ಪಾಲಿಗೆ ಬಂತು. ತೊಂದರೆ ಇದ್ದದ್ದು ಹೆಸರಲ್ಲಿ. ಒಂದೇ ಫ್ಲೈಗೆ ಊರಿಗೊಂದು ಹೆಸರು. ಅಂಚೆಯಲ್ಲಿ ಆರ್ಡರ್ ಬಂದರೆ ಯಾವುದನ್ನ ಕಳಿಸೋದು? ಮೇರಿ ದೇಶದ ಉದ್ದಗಲಕ್ಕೂ ಮೀನುಗಾರರ ಅನುಭವ ಕೇಳಿ ಪತ್ರ ತರಿಸಿಕೊಂಡು, ಬಣ್ಣದ ಚಿತ್ರಗಳ ಜೊತೆ 1892ರಲ್ಲಿ ಪುಸ್ತಕ ತಂದರು. ಹೆಸರುಗಳಿಗೆ ಒಂದು ನೆಲೆ ಸಿಕ್ಕಿತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಸ್ಟ್ಯಾಂಡರ್ಡೈಸೇಶನ್. ಅಪ್ಪನ ರೀಲಿಗಿಂತ ಮಗಳ ಪಟ್ಟಿ ಸಣ್ಣ ಸಾಧನೆ ಅಂತ ನಾವಂತೂ ಒಪ್ಪೋದಿಲ್ಲ. ಮೇರಿ 1914ರಲ್ಲಿ ತೀರಿಕೊಂಡರು; ಮರುವರ್ಷವೇ ಅಪ್ಪ. ಗಂಡುಮಕ್ಕಳು ವ್ಯವಹಾರ ಮುಂದುವರಿಸಿದರು. 1930ರ ದಶಕದ ಆರ್ಥಿಕ ಕುಸಿತದ ಹೊಡೆತಕ್ಕೆ ಕಂಪನಿ ಬಡವಾಗಿ, 1939ರಲ್ಲಿ ಬೇರೆಯವರ ಕೈ ಸೇರಿತು. ಹೆಸರು ಮಾತ್ರ ಇವತ್ತಿಗೂ ಉಳಿದಿದೆ.

ಆ 1874ರ ರೀಲು ಈಗ ಸಂಗ್ರಹಕಾರರ ಕಣ್ಮಣಿ. ಗುರುತಿಸೋದು ಹೇಗೆ? ತೂತಿದ್ದದ್ದೆಲ್ಲ ಆರ್ವಿಸ್ ಅಲ್ಲ, ಆಮೇಲೆ ಬೇಕಾದಷ್ಟು ಜನ ಅದೇ ದಾರಿ ಹಿಡಿದರು. ಫಲಕದ ಮೇಲೆ ಒತ್ತಿರುವ ತಯಾರಕನ ಹೆಸರು, ಊರು, ಪೇಟೆಂಟಿನ ತಾರೀಖು ಓದಬೇಕು. ಜೊತೆಗೆ ಬರುತ್ತಿದ್ದ ವಾಲ್ನಟ್ ಮರದ ಪೆಟ್ಟಿಗೆ ಇದ್ದರೆ ಇನ್ನೂ ಒಳ್ಳೇದು.

ಅನೇಕರು ಕೆಡಿಸೋದು ಇಲ್ಲಿಯೇ. ಹಳೇ ರೀಲು ಸಿಕ್ಕ ಕೂಡಲೇ ಪಾಲಿಶ್ ಹಾಕಿ ಗಸಗಸ ಉಜ್ಜುತ್ತಾರೆ. ಮೇಲಿನ ನಿಕಲ್ ಲೇಪ ತೆಳು. ಅದು ಹೋದರೆ ವಾಪಸ್ ಬರಲ್ಲ, ಒತ್ತಿದ ಅಕ್ಷರವೂ ಸವೆಯುತ್ತೆ. ಅಕ್ಷರ ಹೋದಮೇಲೆ ಅದು ಯಾರ ಕೈಕೆಲಸ ಅಂತ ಹೇಳೋರು ಯಾರು? ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಗಟ್ಟಿಯಾದ ಹಳೇ ಗ್ರೀಸನ್ನು ಸ್ವಲ್ಪ ಸೀಮೆಎಣ್ಣೆ ತಾಗಿಸಿ ಬಿಡಿಸಿ, ನಡುಕಡ್ಡಿಗೆ ಒಂದೇ ಹನಿ ತೆಳು ಎಣ್ಣೆ ಬಿಡಿ. ಸ್ಕ್ರೂಡ್ರೈವರ್ ಸ್ಕ್ರೂವಿನ ಗಾಡಿಗೆ ಸರಿಯಾಗಿ ಕೂರಬೇಕು. ಜಾರಿದರೆ ಗೀರು ಶಾಶ್ವತ. ಬಿಚ್ಚಿದ ಸ್ಕ್ರೂ ಅದರದೇ ತೂತಿಗೆ ಹೋಗಲಿ. ಆಮೇಲೆ ಸ್ಪೂಲ್ ತಿರುಗಿಸಿ ಅಂಚನ್ನು ನೋಡಿ. ಅತ್ತಿತ್ತ ಓಲಾಡಿದರೆ ಕಡ್ಡಿ ಅಥವಾ ಸ್ಪೂಲ್ ಬಾಗಿರಬಹುದು. ಸುತ್ತಿಗೆ ಎತ್ತಬೇಡಿ, ಬಲ್ಲವರಿಗೆ ಕೊಡಿ.

ಗೆಳೆಯರೇ, ಮನೆಯ ಅಟ್ಟದಲ್ಲಿ ತಾತನ ಕಾಲದ ಯಾವುದೇ ಯಂತ್ರ ಸಿಕ್ಕಿದ್ರೂ ಇದೇ ಪಾಠ. ಮೊದಲು ಅದರ ಮೇಲಿರುವ ಅಕ್ಷರ ಓದಿ, ಆಮೇಲೆ ಬಟ್ಟೆ ಕೈಗೆತ್ತಿಕೊಳ್ಳಿ. ಹೊಳಪು ಯಾವಾಗ ಬೇಕಾದರೂ ತರಬಹುದು, ಗುರುತನ್ನು ಮತ್ತೆ ತರೋಕಾಗಲ್ಲ.